‘ಬೇಜಾರು’ ಯಾವ ಕಾಲಂಗೆ ಹೋಗುತ್ತೆ?

ಪ್ರಾಜೆಕ್ಟ್ ಸೀಸನ್ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಗೂಗಲ್ ಫಾರ್ಮ್‌ಗಳ ಸುರಿಮಳೆ. ಭಾವನೆ ಅಳೆಯುವ ಫಾರ್ಮ್‌ಗಳೂ ಬರುತ್ತವೆ. ಅವುಗಳಲ್ಲಿ ಹೆಸರಾಂತದ್ದು ‘ಪಾನಾಸ್’. 1988ರಲ್ಲಿ ವಾಟ್ಸನ್, ಕ್ಲಾರ್ಕ್ ಮತ್ತು ಟೆಲೆಗನ್ ಅಮೆರಿಕದಲ್ಲಿ ರೂಪಿಸಿದ್ದು. ಒಳ್ಳೆಯ ಭಾವನೆಯ 10 ಪದ, ಕೆಟ್ಟದ್ದರ 10 ಪದ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಇಪ್ಪತ್ತೇ ಪದ ತಾನೇ, ಟ್ರಾನ್ಸ್‌ಲೇಟರ್‌ಗೆ ಹಾಕಿ ಕನ್ನಡ ಮಾಡಿದರಾಯ್ತು ಅನ್ನೋರ ಜೊತೆ ನನ್ನ ತಕರಾರು.

‘ಸ್ಕೇರ್ಡ್’, ‘ಅಫ್ರೇಡ್’ ಎರಡೂ ಆ ಪಟ್ಟಿಯಲ್ಲಿವೆ. ನಮಗೆ ಎರಡೂ ‘ಭಯ’ವೇ. ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಉತ್ತರ ತಾಳೆ ಆಗದೆ ಇರುತ್ತಾ? ಕ್ರೋನ್‌ಬಾಕ್ ಆಲ್ಫಾ ಏರುತ್ತೆ, ರಿಪೋರ್ಟ್‌ನಲ್ಲಿ ‘ವಿಶ್ವಾಸಾರ್ಹ’ ಅಂತ ಬರೀತೀವಿ. ‘ಗಿಲ್ಟಿ’ಗೆ ‘ತಪ್ಪಿತಸ್ಥ’ ಅಂದರೆ ಕೋರ್ಟ್ ನೆನಪಾಗುತ್ತೆ. ‘ಅಲರ್ಟ್’ಗೆ ‘ಎಚ್ಚರ’ ಅಂದರೆ, ನಿದ್ದೆ ಬಾರದೆ ರಾತ್ರಿಯೆಲ್ಲ ಒದ್ದಾಡಿದ ಹುಡುಗನೂ 5 ಹಾಕ್ತಾನೆ. ಅದು ಒಳ್ಳೆಯ ಭಾವನೆಯ ಲೆಕ್ಕಕ್ಕೆ ಸೇರುತ್ತೆ! ಇನ್ನು ಹೊಳಲ್ಕೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ದಿನಕ್ಕೆ ಹತ್ತು ಸಲ ಕೇಳುವ ‘ಬೇಜಾರು’? ದುಃಖಕ್ಕೂ ಅದೇ, ಮುನಿಸಿಗೂ ಅದೇ, ಬೋರ್ ಆದರೂ ಅದೇ. ಇಪ್ಪತ್ತರಲ್ಲಿ ಯಾವುದಕ್ಕೂ ಅದು ಸರಿಯಾಗಿ ಕೂರಲ್ಲ.

2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಹಿರಿಯೂರಿಗೆ ಸಂಭ್ರಮ. ಅದೇ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಜಮೀನುಗಳಿಗೆ ನುಗ್ಗಿತು. ಡ್ಯಾಂ ತುಂಬಿತಲ್ಲ ಅನ್ನೋ ಖುಷಿ, ತೋಟ ಮುಳುಗಿತಲ್ಲ ಅನ್ನೋ ಸಂಕಟ ಎರಡೂ ಒಬ್ಬರೊಳಗೇ ಇರಬಹುದು. ಪಾನಾಸ್‌ನ ಮೂಲ ವಾದವೂ ಇದೇ: ಒಳ್ಳೆಯದು, ಕೆಟ್ಟದ್ದು ಎರಡು ಬೇರೆ ಅಳತೆಗಳು, ಒಂದೇ ಕೋಲಿನ ಎರಡು ತುದಿಗಳಲ್ಲ. ಕನ್ನಡದ ಉತ್ತರಗಳೂ ಹಾಗೆ ಎರಡು ಗುಂಪಾಗುತ್ತವಾ? ಫ್ಯಾಕ್ಟರ್ ಅನಾಲಿಸಿಸ್ ಮಾಡದೆ ಹೇಳೋಕಾಗಲ್ಲ. ‘ಈ ಕ್ಷಣ’ ಅಂತ ಕೇಳಿದಿರೋ ‘ಸಾಮಾನ್ಯವಾಗಿ’ ಅಂತಲೋ ಅನ್ನೋದೂ ಮುಖ್ಯ. ಕೋಡಿ ಬಿದ್ದ ವಾರದ ಉತ್ತರವೇ ಬೇರೆ, ಬರಗಾಲದ್ದೇ ಬೇರೆ.

ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಮಾಡದ ಮೀಟರ್‌ನ ರೀಡಿಂಗ್ ಬರೆದರೆ ರೆಕಾರ್ಡ್ ವಾಪಸ್ ಬರುತ್ತೆ. ಇಲ್ಲೂ ಕೆಲಸ ಅಷ್ಟೇ. ಇಬ್ಬರು ಬೇರೆ ಬೇರೆ ಅನುವಾದಿಸಲಿ, ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಆಮೇಲೆ ಜನರ ಜೊತೆ ಕೂತು ‘ಈ ಪದ ಓದಿದಾಗ ಏನು ಅನ್ನಿಸ್ತು’ ಅಂತ ಕೇಳಬೇಕು (ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು, ಎಲ್ಲರೂ ಹಾರಿಸೋದೂ ಇದನ್ನೇ). ಕೆಲವು ವಾರ ಬಿಟ್ಟು ಅವರಿಗೇ ಮತ್ತೊಮ್ಮೆ ಕೊಟ್ಟು ನೋಡಬೇಕು.

ಸ್ಕೋರ್ ನೋಡಿ ಯಾರಿಗೆ ಕೌನ್ಸೆಲಿಂಗ್ ಬೇಕು ಅಂತ ಹೇಳುವ ಆ್ಯಪ್ ಮಾಡೋಣ ಅನ್ನುವವರಿದ್ದಾರೆ. ಆ ನಿದ್ದೆಗೆಟ್ಟ ಹುಡುಗ ಅದರಲ್ಲಿ ಆರಾಮಾಗಿ ಪಾಸಾಗಬಹುದು. ಹಾಸ್ಟೆಲ್‌ನಲ್ಲಿ ನಾಲ್ಕೂ ತಾಲ್ಲೂಕಿನವರು ಸಿಗ್ತಾರೆ, ಕೋಡ್ ಬರೆಯೋಕೆ ಮುಂಚೆ ಅವರ ಹತ್ತಿರ ಆ ಇಪ್ಪತ್ತು ಪದ ಓದಿಸಿ.