ಉಸಿರಿಗೂ ರಸೀದಿಯೇ?



ಕಳೆದ ಶ್ರಾವಣದಲ್ಲಿ ನಮ್ಮ ಸೀಮೆಯ ಮಠವೊಂದರಲ್ಲಿ 7 ದಿನದ ಪ್ರಾಣಾಯಾಮ ಶಿಬಿರ ನಡೆಯಿತು. 2,000 ರೂಪಾಯಿ ಕಟ್ಟಿ, ರಸೀದಿ ಪಡೆದು ನಾನೂ ಕುಳಿತೆ. ಭಸ್ತ್ರಿಕ ಮಾಡಿಸುತ್ತ ಶಿಕ್ಷಕರು, 'ಜೋರಾಗಿ ಎಳೆಯಿರಿ, ರಕ್ತಕ್ಕೆ ಆಮ್ಲಜನಕ ತುಂಬಲಿ' ಎಂದರು. ತುಸು ಹೊತ್ತಿನಲ್ಲಿ ತಲೆ ಹಗುರಾಯಿತು, ಬೆರಳತುದಿ ಜುಮ್ಮೆಂದಿತು. 'ಅದೇ ಪ್ರಾಣಶಕ್ತಿಯ ಸಂಚಾರ' ಎಂದರು. ಮಂಟಪಕ್ಕೆ ಮಂಟಪವೇ ತಲೆದೂಗಿತು.

ನೀರಾವರಿ ಇಲಾಖೆಯಲ್ಲಿ 34 ವರ್ಷ ದುಡಿದವನು ನಾನು. ಕೋಡಿ ಹರಿಯುತ್ತಿರುವ ಕೆರೆಗೆ ಪಂಪು ಹಚ್ಚುವವನನ್ನು ಯಾರೂ ಜಾಣ ಎನ್ನುವುದಿಲ್ಲ. ಆರೋಗ್ಯವಂತನ ರಕ್ತದಲ್ಲಿ ಸುಮ್ಮನೆ ಕುಳಿತಾಗಲೂ ಆಮ್ಲಜನಕ ನೂರಕ್ಕೆ 95ಕ್ಕಿಂತ ಮೇಲೆಯೇ ಇರುತ್ತದೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಯಂತ್ರ ಇದನ್ನು ಮನೆಮನೆಗೂ ತೋರಿಸಿತ್ತಲ್ಲ? ರಭಸದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಅಲ್ಲಿಗೆ ಹೋಗುವ ರಕ್ತ ತಗ್ಗುತ್ತದೆ. ತಲೆ ಹಗುರಾದದ್ದು ಅದಕ್ಕೆ. ಶಕ್ತಿಯೂ ಇಲ್ಲ, ಸಂಚಾರವೂ ಇಲ್ಲ.

ಹಾಗೆಂದು ಉಸಿರಿನ ಅಭ್ಯಾಸವೇ ಸುಳ್ಳೆಂದು ನಾನು ಹೇಳುವುದಿಲ್ಲ. ನಿಮಿಷಕ್ಕೆ 12ರಿಂದ 20 ಸಲ ಆಡುವ ಉಸಿರನ್ನು 6ಕ್ಕೆ ಇಳಿಸಿ ನೋಡಿ. 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ. ಹೊರಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ನಿಧಾನಿಸುತ್ತದೆ, ಮನಸ್ಸು ತಣಿಯುತ್ತದೆ. ನಿತ್ಯ ಮಾಡಿದರೆ ರಕ್ತದೊತ್ತಡ ಒಂದಿಷ್ಟು ಇಳಿಯುವುದೂ ಉಂಟು. ಬೆಳಗಿನ ಇಷ್ಟಲಿಂಗ ಪೂಜೆಯಲ್ಲಿ ದೃಷ್ಟಿ ನೆಟ್ಟು ಕುಳಿತಾಗ 10 ನಿಮಿಷ ನಾನು ಮಾಡುವುದು ಇಷ್ಟೇ. ಮಧ್ಯಾಹ್ನ ಮಂಪರಿಲ್ಲ, ತೋಟದ ಕೆಲಸಕ್ಕೆ ಮೈ ಬಗ್ಗುತ್ತದೆ. ಲಿಂಗದೀಕ್ಷೆ ಕೊಡುವಾಗಲೇ ಇದನ್ನು ಹೇಳಿಕೊಡಬಹುದು. ಇದಕ್ಕೆ ಶುಲ್ಕವೇಕೆ?

ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗ ನಮಗೆಲ್ಲ ಗೊತ್ತು. ಯೋಗದಿಂದ ದೇಹವನ್ನು ವಜ್ರವಾಗಿಸಿಕೊಂಡವನ ಮೇಲೆ ಕತ್ತಿ ಖಣಿಲೆಂದಿತು. ಅಲ್ಲಮಪ್ರಭುವಿಗೆ ಬೀಸಿದ ಕತ್ತಿ ಬಯಲಲ್ಲಿ ಹಾದುಹೋಯಿತು. ಸಂಜೆ ಪ್ರವಚನದಲ್ಲಿ ಗೋರಕ್ಷ ತಲೆಬಾಗಿದ ಕತೆ ಕೇಳುತ್ತೇವೆ, ಬೆಳಿಗ್ಗೆ ಅದೇ ಮಂಟಪದಲ್ಲಿ ವಜ್ರದೇಹಕ್ಕೆ ರಸೀದಿ ಹರಿಸುತ್ತೇವೆ!

ನಗುವ ಮಾತಲ್ಲ ಇದು. ನಮ್ಮ ಅಕ್ಕನ ಯಜಮಾನರು ಇಂಥದೇ ಇನ್ನೊಂದು ಶಿಬಿರದಿಂದ ಬಂದವರು ಬಿಪಿ ಮಾತ್ರೆ ಬಿಟ್ಟರು. 'ಕಪಾಲಭಾತಿ ಇರುವಾಗ ಗುಳಿಗೆ ಯಾಕೆ' ಎಂದು ಅಲ್ಲಿ ಹೇಳಿದ್ದರಂತೆ. ನಾನು ಫೋನಿನಲ್ಲಿ ಗದರಿದೆ, ಎದ್ದು ಹೋಗಲಿಲ್ಲ. ಆ ತಪ್ಪು ನನ್ನದೇ. ಎರಡು ತಿಂಗಳಿಗೆ ಪಾರ್ಶ್ವವಾಯು ಬಡಿಯಿತು. ಈಗ ಎಡಗೈ ಮೇಲೇಳುವುದಿಲ್ಲ. ಪೂಜೆಗೆ ಅಕ್ಕ ಅವರ ಅಂಗೈಯಲ್ಲಿ ಲಿಂಗವಿಟ್ಟು, ಕೆಳಗೆ ತನ್ನ ಕೈ ಆನಿಸಿ ಹಿಡಿಯುತ್ತಾಳೆ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟು. ಉಸಿರಿನ ಅಭ್ಯಾಸವನ್ನು ದಾಸೋಹದಂತೆ ಪುಕ್ಕಟೆ ಕಲಿಸಿ. ಬಿಪಿ, ಹೃದಯದ ತೊಂದರೆ ಇದ್ದವರನ್ನೂ ಬಸುರಿಯರನ್ನೂ ಭಸ್ತ್ರಿಕ, ಕಪಾಲಭಾತಿಗೆ ಕೂರಿಸಬೇಡಿ. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಬಿಡಕೂಡದೆಂದು ಮಂಟಪದ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಬಣ್ಣದ ಖರ್ಚು ನನ್ನದು.