ದೋಣಿಯ ಸಾಸಿವೆ ಡಬ್ಬಿ

ಸಿದ್ದಾಪುರದಲ್ಲಿ ವಾಸಿಸುವವನಿಗೆ ನೀರೆಂದರೆ ಲಾಲ್‌ಬಾಗಿನ ಕೆರೆ. ಅದರ ದಡದಲ್ಲಿ ಸಂಜೆ ಸುತ್ತುವ ಕನ್ನಡ ಅಧ್ಯಾಪಕನೊಬ್ಬನು ಮೀನುಗಾರರ ಬೋಟಿನ ಬ್ಯಾಟರಿಯ ಮಾತೆತ್ತುವುದು ಅಧಿಕಪ್ರಸಂಗವೇ ಸರಿ. ಆದರೆ ಪ್ರಸಂಗವನ್ನು ತಂದುದು ನಾನಲ್ಲ, ನಮ್ಮ ಮನೆಯ ಇನ್‌ವರ್ಟರು.

ಅದಕ್ಕೆ ಎರಡು ಬ್ಯಾಟರಿಗಳು. ಒಂದು ಕೆಟ್ಟಿತ್ತು. ಅದೊಂದನ್ನೇ ಬದಲಾಯಿಸಿದರೆ ಅರ್ಧ ಹಣ ಉಳಿಯಿತಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, ಪುಸ್ತಕ ಹಿಂದಿರುಗಿಸಲು ಬಂದಿದ್ದ ವಿದ್ಯಾರ್ಥಿಯೊಬ್ಬನು ಸಂಕೋಚದಿಂದ ಹೇಳಿದನು: “ಹಾಗೆ ಮಾಡಬೇಡಿ ಸರ್. ಹಳೆಯದು ಹೊಸದನ್ನೂ ತಿಂದುಹಾಕುತ್ತದೆ. ಅಪ್ಪನ ಬೋಟಿನಲ್ಲಿ ಹಾಗೇ ಆಗಿತ್ತು.”

ಹುಡುಗನು ಮಲ್ಪೆಯವನು. ತಂದೆ ಆಳಸಮುದ್ರದ ಬೋಟಿನ ತಂಡೇಲ. ಆ ಬೋಟಿನಲ್ಲಿಯೂ 12 ವೋಲ್ಟಿನ ಎರಡು ಬ್ಯಾಟರಿಗಳು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಶಾಶ್ವತವಾಗಿ ಜೋಡಿಸಲಾಗಿತ್ತು. ಎರಡಿದ್ದರೆ ಇಮ್ಮಡಿ ಬಲ ಎಂಬುದು ಯಾರಿಗಾದರೂ ತೋರುವ ನ್ಯಾಯ. ಒಂದು ರಾತ್ರಿ ಲಂಗರು ಹಾಕಿ, ಎಂಜಿನ್ ನಿಲ್ಲಿಸಿ, ದೀಪಗಳನ್ನು ಉರಿಯಗೊಟ್ಟು ಮಲಗಿದರು. ಹಳೆಯ ಬ್ಯಾಟರಿಯ ಒಂದು ಕೋಶ ಸತ್ತಿತ್ತು. ಅದು ಹೊಸದರ ಶಕ್ತಿಯನ್ನು ರಾತ್ರಿಯೆಲ್ಲ ಹೀರಿತು. ಬೆಳಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಅಷ್ಟೇ. ವೈರ್‌ಲೆಸ್‌ನಲ್ಲಿ ಕೂಗೋಣವೆಂದರೆ ಅದಕ್ಕೂ ಅದೇ ಬ್ಯಾಟರಿಯೇ ಗತಿ.

ಅದು 2019ರ ಜನವರಿ. ಹಿಂದಿನ ತಿಂಗಳು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಡನೆ ಕಾಣೆಯಾಗಿದ್ದ ಕಾಲ. ಅದರ ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಕಡಲ ತಳದಲ್ಲಿ ನೌಕಾಪಡೆಗೆ ದೊರೆತುದು ಮುಂದೆ ಮೇ ತಿಂಗಳಲ್ಲಿ. ಆ ದುರಂತಕ್ಕೂ ಬ್ಯಾಟರಿಗೂ ನಾನು ನಂಟು ಕಲ್ಪಿಸುತ್ತಿಲ್ಲ. ಆದರೆ ಆ ದಿನಗಳಲ್ಲಿ ಗಂಡನ ಬೋಟಿನಿಂದ ಒಂದು ಹಗಲು ಒಂದು ರಾತ್ರಿ ಸುದ್ದಿಯಿಲ್ಲವೆಂದರೆ ದಡದಲ್ಲಿದ್ದ ಹೆಂಗಸಿನ ಪಾಡೇನು? “ಅಮ್ಮ ಒಲೆ ಹಚ್ಚಲಿಲ್ಲ ಸರ್” ಎಂದನು ಹುಡುಗ. ಮತ್ತೊಂದು ಬೋಟಿನವರು ಕಂಡು, ಹತ್ತಿರ ಬಂದು, ತಮ್ಮ ಬ್ಯಾಟರಿಯಿಂದ ತಂತಿ ಎಳೆದು ಎಂಜಿನ್ ಹೊರಡಿಸಿಕೊಟ್ಟರಂತೆ.

ಇದರ ಒಳಗುಟ್ಟನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬ ವಿಜ್ಞಾನಿ ರೂಪಿಸಿದ ಸೀಸ–ಆಮ್ಲದ ಕೋಶವೇ ಇಂದಿಗೂ ಇಂತಹ ಬೋಟುಗಳಲ್ಲಿ ದುಡಿಯುತ್ತಿರುವುದು. ಒಂದು ಕೋಶಕ್ಕೆ ಸುಮಾರು 2 ವೋಲ್ಟ್; ಆರು ಸೇರಿದರೆ 12. ಎಂಜಿನ್ ಹೊರಡಿಸಲು ಕೆಲವೇ ಕ್ಷಣಗಳ ಕಾಲ ನೂರಾರು ಆಂಪಿಯರ್ ಬೇಕು. ದೀಪ, ವೈರ್‌ಲೆಸ್‌ಗಳಿಗೆ ಸ್ವಲ್ಪಸ್ವಲ್ಪವಾಗಿ ಬಹಳ ಹೊತ್ತು ಬೇಕು. ಆದುದರಿಂದ ಒಂದು ಬ್ಯಾಟರಿ ದಿನದ ಖರ್ಚಿಗೆ, ಇನ್ನೊಂದು ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಹಣ! ಮನೆಯವರು ಕೈಹಾಕಬಾರದು.

ತೊಡಕಿರುವುದು ತುಂಬುವಾಗ. ಎಂಜಿನ್ನಿಗೆ ಇರುವುದು ಒಂದೇ ಆಲ್ಟರ್ನೇಟರ್, ತುಂಬಬೇಕಾದ ಡಬ್ಬಿಗಳು ಎರಡು. ಕೈಯಿಂದ ತಿರುಗಿಸುವ ಸ್ವಿಚ್ಚು ಇಡಬಹುದು: ‘ಒಂದು’, ‘ಎರಡು’, ‘ಎರಡೂ’. ಆದರೆ ದಣಿದು ಮಲಗುವ ಮನುಷ್ಯನು ಅದನ್ನು ‘ಎರಡೂ’ ಎಂಬಲ್ಲಿಯೇ ಮರೆತರೆ ಹಿಂದಿನ ಕಥೆಯೇ. ಎಂಜಿನ್ ಓಡುತ್ತಿರುವಾಗ ಪೂರ್ತಿ ಆರಿಸಿಬಿಟ್ಟರಂತೂ ಆಲ್ಟರ್ನೇಟರೇ ಸುಡಬಹುದು. ಡಯೋಡ್ ಎಂಬ ಏಕಮುಖದ ಬಾಗಿಲನ್ನೂ ಇಡುವುದುಂಟು. ಸಾಮಾನ್ಯ ಡಯೋಡು ದಾಟುವ ಸುಂಕವಾಗಿ ಸುಮಾರು 0.7 ವೋಲ್ಟನ್ನು ನುಂಗುತ್ತದೆ. 14.4 ತಲುಪಬೇಕಾದ ಕಡೆ 13.7 ತಲುಪಿದರೆ ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿ ಏಳುತ್ತದೆ.

ತಂಡೇಲರು ಕಡೆಗೆ ಹಾಕಿಸಿದುದು ರಿಲೇ. ಎಂಜಿನ್ ಓಡಿ ವೋಲ್ಟು 13.3ರ ಆಸುಪಾಸಿಗೆ ಏರಿದಾಗ ಅದು ಎರಡನ್ನೂ ತಾನಾಗಿ ಕೂಡಿಸುತ್ತದೆ. ಎಂಜಿನ್ ನಿಂತು 12.8ಕ್ಕೆ ಇಳಿದರೆ ಬೇರ್ಪಡಿಸುತ್ತದೆ. ಸಂಪಾದನೆಯ ಹೊತ್ತಿನಲ್ಲಿ ಅವಿಭಕ್ತ ಕುಟುಂಬ, ಖರ್ಚಿನ ಹೊತ್ತಿನಲ್ಲಿ ಬೇರೆ ಬೇರೆ ಒಲೆ. (ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವು.) ತಂತಿಗೆ ಬ್ಯಾಟರಿಯ ಬುಡದಲ್ಲಿಯೇ ಫ್ಯೂಸು ಇರಬೇಕು. ಬ್ಯಾಟರಿ ತುಂಬುವಾಗ ಜಲಜನಕ ಹೊರಡುವುದರಿಂದ ಆ ಗೂಡಿಗೆ ಗಾಳಿಯಾಡಬೇಕು. ಅಲ್ಲಿ ಬೀಡಿ ಹಚ್ಚಲಾಗದು.

ಇವೆಲ್ಲಕ್ಕಿಂತ ಹೆಚ್ಚಾಗಿ ಬ್ಯಾಟರಿಯನ್ನು ಕೊಲ್ಲುವುದು ಮಳೆಗಾಲದ ವಿಶ್ರಾಂತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅರೆತುಂಬಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದು ತನ್ನಷ್ಟಕ್ಕೆ ಇಳಿಯುತ್ತ ಹೋಗಿ, ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ಹರಿಸಿದರೂ ಅದು ಕರಗುವುದಿಲ್ಲ. ಹುಡುಗನ ತಂದೆ ಈಗ ಎರಡು ಬ್ಯಾಟರಿಗಳನ್ನೂ ಮನೆಗೆ ತಂದು, ತಿಂಗಳಿಗೊಮ್ಮೆ ಪೂರ್ತಿ ತುಂಬಿಸಿಡುತ್ತಾರಂತೆ. ಅವು ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ ಮಳೆಗಾಲ ಕಳೆಯುತ್ತವೆ. ತಾಯಿ ಅವನ್ನು ದಿನವೂ ಒರೆಸುತ್ತಾಳೆ.

ನಮ್ಮ ಇನ್‌ವರ್ಟರಿನ ವಿಷಯ: ಅದರಲ್ಲಿ ಬ್ಯಾಟರಿಗಳು ಅಕ್ಕಪಕ್ಕವಾಗಿಯಲ್ಲ, ಒಂದರ ತುದಿಗೆ ಇನ್ನೊಂದಾಗಿ ಜೋಡಿಸಲ್ಪಟ್ಟು 24 ವೋಲ್ಟ್ ಕೊಡುತ್ತವೆ. ಅಲ್ಲಿಯೂ ದುರ್ಬಲವಾದುದೇ ಬಲವಾದುದರ ಮಿತಿ ಎಂದರು ಮಿತ್ರರು. ಎರಡನ್ನೂ ಕೊಂಡೆನು. ಹಣವನ್ನು ನನ್ನ ಹೆಂಡತಿ ಎಲ್ಲಿಂದ ತೆಗೆದುಕೊಟ್ಟಳೆಂಬುದನ್ನು ನಾನು ಕೇಳಲಿಲ್ಲ.