‘ತಪ್ಪು’ ಬೇರೆ, ‘ಅಪರಾಧ’ ಬೇರೆ

ನ್ಯಾಯಾಲಯದ ಕನ್ನಡ ತಿಳಿಯಾಗಬೇಕೆಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಆ ಹುಮ್ಮಸ್ಸಿನಲ್ಲಿ, ‘ಅಪರಾಧ’ವೆಂಬ ಸಂಸ್ಕೃತದ ಹೊರೆಯೇಕೆ, ಅಚ್ಚಗನ್ನಡದ ‘ತಪ್ಪು’ ಸಾಲದೆ ಎಂದು ಕೇಳುವ ಪಂಡಿತರನ್ನು ಕಂಡರೆ ದಿಗಿಲಾಗುತ್ತದೆ. ‘ತಪ್ಪು’ ಎಲ್ಲರಿಗೂ ಅರ್ಥವಾಗುತ್ತದೆ, ನಿಜ. ಆದರೆ ಆಗುವುದು ಬೇರೆಯ ಅರ್ಥ.

ನಮ್ಮಲ್ಲಿ ತಪ್ಪದ ವಸ್ತು ಯಾವುದು? ದಾರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಬಸ್ಸು ತಪ್ಪುತ್ತದೆ; ಪುಣ್ಯವಿದ್ದರೆ ಗಂಡಾಂತರವೂ ತಪ್ಪುತ್ತದೆ. ಹಿರಿಯರಿಗೆ ಕಾಲು ತಾಕಿದರೆ ‘ತಪ್ಪಾಯಿತು’ ಎನ್ನುತ್ತೇವೆ. ಹರಕೆ ಮರೆತವನು ದೇವರಿಗೆ ತಪ್ಪುಕಾಣಿಕೆ ಹಾಕುತ್ತಾನೆ. ವ್ಯವಹಾರ ಅಲ್ಲಿಗೆ ಮುಗಿಯಿತು. ‘ತಪ್ಪಾಯಿತು’ ಎಂಬುದು ಒಪ್ಪಿಗೆಗಿಂತ ಹೆಚ್ಚಾಗಿ ವಿನಯ. ದೊಡ್ಡವರೆದುರು ವಾದ ಹೂಡಲಾರೆನೆಂಬುದೇ ಅದರ ತಾತ್ಪರ್ಯ.

ಸೊರಬ ತಾಲ್ಲೂಕಿನ ಕುಬಟೂರನ್ನು ನೆನೆಯಿರಿ, ಕ್ರಿ.ಶ. 1100ರ ಸುಮಾರಿನ ಕೈಟಭೇಶ್ವರ ದೇಗುಲದ ಊರು. ಆ ಕಾಲದ ದಾನಶಾಸನಗಳು ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾತಕವೆಂದು ಸಾರುತ್ತವೆ. ಮಾಡಿದ್ದೇನು, ಅದರ ಫಲವೇನು, ಎರಡನ್ನೂ ಕಲ್ಲಿನಲ್ಲೇ ಬಿಡಿಸಿ ಹೇಳಿದರು. ಈಗ ಅಂಥದೇ ಊರಿನ ರೈತನೊಬ್ಬ ಸೊಪ್ಪಿಗೆಂದು ಮೀಸಲು ಕಾಡು ಹೊಕ್ಕನೆಂಬ ಆರೋಪದ ಮೇಲೆ ಕಟಕಟೆಯಲ್ಲಿ ನಿಂತನೆನ್ನಿ. ‘ತಪ್ಪು ಒಪ್ಪಿಕೊಳ್ಳುತ್ತೀಯಾ?’ ಎಂದರೆ, ಅವನು ಕಾಡು ಹೊಕ್ಕಿರಲಿ ಬಿಡಲಿ, ‘ತಪ್ಪಾತು ಸ್ವಾಮಿ’ ಎಂದುಬಿಡುವುದು ಸಹಜ. ಆಡಿದ್ದು ಮರ್ಯಾದೆಯ ಮಾತು. ಕಡತದಲ್ಲಿ ಅದು ತಪ್ಪೊಪ್ಪಿಗೆ! ದಂಡವನ್ನು ಹೇಗೋ ಕಟ್ಟಿಯಾನು, ಅಪರಾಧಿಯೆಂಬ ಹೆಸರನ್ನು ಎಲ್ಲಿ ತೊಳೆದುಕೊಳ್ಳಬೇಕು?

ಕಾನೂನು ಇದನ್ನು ಯೋಚಿಸಿಲ್ಲವೆಂದಲ್ಲ. ಸಣ್ಣ ಮೊಕದ್ದಮೆಗಳಲ್ಲಿ ಆರೋಪಿ ಒಪ್ಪಿಕೊಂಡರೆ ಸಾಧ್ಯವಾದಮಟ್ಟಿಗೆ ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 252ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಒಪ್ಪಿದನೆಂದು ಶಿಕ್ಷಿಸಲೇಬೇಕೆಂದಿಲ್ಲ, ಅದು ಮ್ಯಾಜಿಸ್ಟ್ರೇಟರ ವಿವೇಚನೆಗೆ ಬಿಟ್ಟದ್ದು. ಆದರೆ ಉತ್ತರವನ್ನು ಅಕ್ಷರಶಃ ಬರೆದುಕೊಂಡರೆ ಸಾಕೇ? ಪ್ರಶ್ನೆಯೇ ಮಸುಕಾಗಿದ್ದರೆ ಆ ಅಕ್ಷರಗಳಿಂದ ಬಂದ ಭಾಗ್ಯವೇನು?

‘ತಪ್ಪಿತಸ್ಥ’ನ ವಿಚಾರವೂ ಹೀಗೆಯೇ. ಕನ್ನಡದ ಮೈಗೆ ಸಂಸ್ಕೃತದ ಬಾಲ ಅಂಟಿಸಿದ ಈ ಪ್ರಾಣಿಯನ್ನು, ನಿನ್ನೆ ಪೊಲೀಸರು ಹಿಡಿದವನ ಮೇಲೆ ಇಂದೇ ಛೂ ಬಿಡುವವರಿದ್ದಾರೆ. ತೀರ್ಪಾಗುವವರೆಗೂ ಅವನು ಬರಿಯ ಆರೋಪಿ.

‘ಅಪರಾಧ’ ಹಳ್ಳಿಯವರಿಗೆ ತಿಳಿಯದೆನ್ನಬೇಡಿ. ಯಕ್ಷಗಾನ, ಹರಿಕಥೆ ಕೇಳಿದ ಕಿವಿಗೆ ಅದೇನು ಹೊಸದಲ್ಲ. ಕೇಳುವುದಿದ್ದರೆ ಹೀಗೆ ಕೇಳಲಿ: ‘ನೀವು ಈ ಕೆಲಸ ಮಾಡಿದಿರೆಂದು ದೂರಿದೆ. ಕಾನೂನಿನಲ್ಲಿ ಇದು ಅಪರಾಧ. ಒಪ್ಪಿದರೆ ಶಿಕ್ಷೆಯಾಗಬಹುದು, ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ಮಾಡಿದ್ದು ಹೌದೆ, ಅಲ್ಲವೆ?’